ಕೇದಾರದಿಂದ ಕಣ್ಣಲ್ಲಿ ಬಂದ ಕಲ್ಲು

ಆ ಬೆಳಿಗ್ಗೆ ಡಿಕಾಕ್ಷನ್ ಎಂದಿಗಿಂತ ನಿಧಾನವಾಗಿ ಇಳಿಯುತ್ತಿತ್ತು. ಫಿಲ್ಟರಿನ ನೆತ್ತಿಗೆ ಬೆರಳಿನಿಂದ ಒಮ್ಮೆ ತಟ್ಟಿ, ಹಾಲನ್ನು ಒಲೆಯ ಮೇಲಿಟ್ಟು, ಫ್ರಿಜ್ಜಿನ ಬಾಗಿಲ ಮುಂದೆ ಹೋಗಿ ನಿಂತೆ. ಮಗಳು ಅಂಟಿಸಿದ ಆಯಸ್ಕಾಂತದ ಚಿಟ್ಟೆಗಳ ನಡುವೆ ಒಂದು ಚೌಕುಳಿ ಹಾಳೆ ಇತ್ತು. ಉದ್ದಕ್ಕೂ ಅಡ್ಡಕ್ಕೂ ಸಣ್ಣ ಸಣ್ಣ ಗೆರೆ, ನಟ್ಟನಡುವೆ ಒಂದು ಚುಕ್ಕೆ. ಕಣ್ಣಿನ ಆಸ್ಪತ್ರೆಯವರು ಕೊಟ್ಟದ್ದು. ಪ್ರತಿ ಬೆಳಿಗ್ಗೆ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಬಲಗಣ್ಣಿನಿಂದ ಆ ಚುಕ್ಕೆಯನ್ನೇ ನೋಡಬೇಕು. ಗೆರೆಗಳು ಎಲ್ಲಿ ಸೊಟ್ಟಗಾಗಿವೆ, ಎಲ್ಲಿ ಮಾಯವಾಗಿವೆ ಎಂದು ಗಮನಿಸಬೇಕು.

ನಾನು ಓದಿದ್ದು ತುಮಕೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆಯ ಸಿಸ್ಟರ್ ಇಂಥದ್ದೇ ಚೌಕುಳಿಯ ಮ್ಯಾಟಿ ಬಟ್ಟೆ ಕೊಟ್ಟು ಗುಲಾಬಿ ಹಾಕಿಸುತ್ತಿದ್ದರು. ಒಂದು ಚೌಕ ತಪ್ಪಿದರೂ ಬಿಚ್ಚಿಸುತ್ತಿದ್ದರು. ಈ ಹಾಳೆಯ ಮೇಲೂ ಯಾರೋ ಕಸೂತಿಗೆ ಕೂತು, ನಡುವಿನ ಹೂವಿಗೆ ಕಪ್ಪು ದಾರ ತುಂಬಿ ಎದ್ದು ಹೋದ ಹಾಗೆ ನನಗೆ ಬೇಸಿಗೆಯೆಲ್ಲ ಕಂಡಿತು. ಆ ಕಪ್ಪು ಎಲ್ಲಿದೆಯೋ ಅಲ್ಲಿ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ.

"ಹೇಗಿದೆ ಸುಮಾ?" ಎಂದು ನನ್ನ ಗಂಡ ಪ್ರಕಾಶ್ ಹಿಂದಿನಿಂದ ಕೇಳಿದರು. ಅಂದು ಅವರು ವಾಷಿಂಗ್ಟನ್ನಿನ ಆಫೀಸಿಗೆ ರಜೆ ಹಾಕಿದ್ದರು.

"ತೆಳ್ಳಗಾಗಿದೆ ಅನ್ಸುತ್ತೆ ರೀ. ಇಲ್ಲಾ, ಆಸೆಗೆ ಹಾಗೆ ಕಾಣ್ತಿದೆಯೋ ಏನೋ."

"ಡಾಕ್ಟರೇ ಹೇಳ್ತಾರೆ ಬಿಡು. ಹಾಲು ಉಕ್ತಿದೆ ನೋಡು."

ಹಾಲು ಉಕ್ಕುವುದು ನನಗೆ ಮೊದಲು ಕಣ್ಣಿಗೆ ಬೀಳುತ್ತಿತ್ತು. ಈಗ ವಾಸನೆಗೆ ತಿಳಿಯುತ್ತಿತ್ತು, ಅಥವಾ ಪ್ರಕಾಶ್ ಹೇಳಬೇಕಿತ್ತು.

ಅಂದು ತೀರ್ಮಾನದ ದಿನ. ಬೇಸಿಗೆಯ ಮೊದಲಲ್ಲಿ ರೆಟಿನಾ ಡಾಕ್ಟರ್, "ಕಣ್ಣಿನ ಒಳಗೆ ರಕ್ತ ಚೆಲ್ಲಿದೆ. ತಾನಾಗಿ ಕರಗಬಹುದು. ಎಲೆ ಕೆಂಪಾಗುವವರೆಗೆ ಕಾಯೋಣ. ಕರಗದಿದ್ದರೆ ಆಪರೇಷನ್" ಎಂದಿದ್ದರು. ಆಪರೇಷನ್ ಮಾಡಿದರೂ ಪೂರ್ತಿ ದೃಷ್ಟಿ ಬರುತ್ತದೆ ಎಂಬ ಮಾತು ಅವರ ಬಾಯಿಂದ ಬಂದಿರಲಿಲ್ಲ. ನನ್ನ ಎಡಗಣ್ಣು ಚಿಕ್ಕಂದಿನಿಂದ ಮಂದ, ಅದರಿಂದ ಅಕ್ಷರ ಕೂಡುವುದಿಲ್ಲ. ನನಗಿದ್ದದ್ದು ಒಂದೇ ಒಳ್ಳೆಯ ಕಣ್ಣು. ಕತ್ತಲೆ ಬಂದು ಕೂತದ್ದು ಅದರಲ್ಲಿ. ಈಗ ಮೇರಿಲ್ಯಾಂಡಿನ ಕೊಲಂಬಿಯಾ ಊರಿನ ನಮ್ಮ ಬೀದಿಯ ಮೇಪಲ್ ಮರಗಳೆಲ್ಲ ಕೆಂಪಾಗಿದ್ದವು.

ಮಗಳು ಇಳಾ ಶಾಲೆಯ ಬ್ಯಾಗು ಹೆಗಲಿಗೇರಿಸಿಕೊಂಡು ಬಂದಳು. "ಅಮ್ಮಾ, ಟುಡೇ ಈಸ್ ದ ಬಿಗ್ ಒನ್, ರೈಟ್?"

"ಹೂಂ ಪುಟ್ಟಾ."

"ಓಕೆ. ನಾನು ಪ್ರೇ ಮಾಡ್ತೀನಿ. ಬಸ್ಸಲ್ಲಿ."

ಬಸ್ಸಿನಲ್ಲಿ ಪ್ರಾರ್ಥನೆ ಮಾಡಿದರೂ ದೇವರಿಗೆ ಕೇಳಿಸುತ್ತದೆ. ದೇವರನ್ನು ಕಾಣಲು ಹಿಮಾಲಯದವರೆಗೆ ಹೋಗಿಬಂದ ನನಗೆ ಆ ಮಾತು ಬಹಳ ಹಿತವಾಗಿ ಕೇಳಿಸಿತು.

ಕಾರಿನಲ್ಲಿ ಕಣ್ಣು ಮುಚ್ಚಿ ಕೂತೆ. ಮುಚ್ಚಿದರೆ ಎರಡೂ ಕಣ್ಣು ಸಮ. ಹಾಗೆ ಕೂತಾಗಲೆಲ್ಲ ಕೇದಾರ ತಾನಾಗಿ ಬರುತ್ತದೆ, ಮೊದಲು ಅದರ ಚಳಿ, ಆಮೇಲೆ ಗಂಟೆ.

ನಾವು ಹೋದದ್ದು ಹರಕೆ ತೀರಿಸಲು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಸಿಕ್ಕಿಕೊಂಡಿದ್ದಾಗ, ವಿಮಲಾ ಆಂಟಿ ವಿಡಿಯೋ ಕಾಲಿನಲ್ಲಿ ಹೆಂಗಸರ ಶನಿವಾರದ ಭಜನೆ ಶುರುಮಾಡಿದ್ದರು. ಆಂಟಿ ಇಲ್ಲಿಗೆ ಬಂದು ಐವತ್ತು ವರ್ಷದ ಮೇಲಾಯಿತು. ಅವರ ಯಜಮಾನರು ಇಲ್ಲಿ ಡಾಕ್ಟರಾಗಿದ್ದು ತೀರಿಕೊಂಡವರು. ಈ ಊರಿನಲ್ಲಿ ಸೀಮಂತವಾಗಲಿ ಶ್ರಾದ್ಧವಾಗಲಿ ಆಂಟಿಯನ್ನು ಕೇಳದೆ ಯಾರೂ ದಿನ ಗೊತ್ತುಮಾಡುವುದಿಲ್ಲ. ಒಂದು ಶನಿವಾರ ಅವರು ಪರದೆಯ ಮೇಲಿನ ನಮ್ಮ ಪುಟ್ಟ ಪುಟ್ಟ ಮುಖಗಳನ್ನು ನೋಡಿ, "ಇಷ್ಟೂ ಜನ ಹೀಗೇ ಉಳ್ಕೊಂಡ್ರೆ, ಎಲ್ಲರನ್ನೂ ಕೇದಾರಕ್ಕೆ ಕರ್ಕೊಂಡು ಹೋಗ್ತೀನಪ್ಪಾ" ಎಂದು ಕೈಮುಗಿದುಬಿಟ್ಟರು. ಎಲ್ಲರೂ ಉಳಿದುಕೊಂಡೆವು. ಕಾಲ ತಿಳಿಯಾದ ಮೇಲೆ, ಹೊರಡಲು ಆದಷ್ಟು ಹೆಂಗಸರು ಹೊರಟೆವು. ಪ್ರಕಾಶ್ ಇಳಾಳ ಜೊತೆ ಮನೆಯಲ್ಲೇ ಉಳಿದರು.

ಪ್ರಕಾಶ್ ಇಲ್ಲಿನ ಡಾಕ್ಟರಿಂದ ಎತ್ತರದ ಊರಿಗೆಂದು ಮಾತ್ರೆ ಬರೆಸಿ ತಂದಿದ್ದರು. ವಿಮಲಾ ಆಂಟಿ ಎಲ್ಲರಿಗೂ ಕರ್ಪೂರದ ಪುಟ್ಟ ಗಂಟು ಹೊಲಿದುಕೊಟ್ಟಿದ್ದರು. ಉಸಿರು ಕಟ್ಟಿದರೆ ಮೂಸಬೇಕು. ಎರಡೂ ನನ್ನ ಪರ್ಸಿನಲ್ಲಿದ್ದವು. ನಾವು ಮೇಲೆ ಹೋದದ್ದು ಸೋಮವಾರ. ಸೋಮವಾರದ ಉಪವಾಸ ನಾನು ಮದುವೆಗೆ ಮುಂಚಿನಿಂದ ಮಾಡುತ್ತಿದ್ದೇನೆ, ಆದರೆ ಕಾಫಿ ಕುಡಿದುಕೊಂಡು.

"ಇಲ್ಲೂ ಕಾಫೀನಾ?" ಎಂದು ಆಂಟಿ ನಕ್ಕಿದ್ದರು. "ಶಿವನ ಮನೆ ಬಾಗಿಲಿಗೆ ಬಂದಿದೀವಿ ಕಣೇ. ಇದೊಂದು ದಿನ ನಿರ್ಜಲ ಮಾಡು. ದರ್ಶನ ಆದ್ಮೇಲೆ ತೀರ್ಥ ತಗೊಂಡೇ ಬಾಯಿ ಬಿಡೋಣ."

ನನಗೂ ಅದು ಚೆಂದವೆನಿಸಿತು. ನೀರಿಲ್ಲದ ಮೇಲೆ ಮಾತ್ರೆಯೂ ಇಲ್ಲ. ಕಣಿವೆಯಿಂದ ಹೆಲಿಕಾಪ್ಟರ್ ಹತ್ತಿದೆವು. ದೇಹಕ್ಕೆ ತಾನು ಎಲ್ಲಿದ್ದೇನೆಂದು ತಿಳಿಯುವಷ್ಟರಲ್ಲಿ ಮೇಲಿದ್ದೆವು. ಕಿಟಕಿಯಿಂದ ನೋಡಿದಾಗ ಹಾದಿಯ ಇಳಿಜಾರಿನ ತುಂಬ ನೀಲಿ, ಗುಲಾಬಿ, ಹಳದಿ ಹೂವು ಚೆಲ್ಲಿತ್ತು. "ಆಂಟಿ, ಹೂವು ನೋಡಿ, ಹೂವು!" ಎಂದು ಕೂಗಿದೆ. ಆ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಮೇಲೆ ಇಳಿದಾಗಲೇ ತಲೆ ಸಿಡಿಯುತ್ತಿತ್ತು. ಸಾಲಿನಲ್ಲಿ ನಿಂತು ಕರ್ಪೂರ ಮೂಸಿದೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ವಾಂತಿ ಬಂತು, ಮತ್ತೆ ಬಂತು, ಕರುಳೇ ಕಿತ್ತು ಬರುವ ಹಾಗೆ. "ಪಾಪ ಎಲ್ಲಾ ಹೋಗ್ತಿದೆ, ಹೋಗ್ಲಿ ಬಿಡು" ಎಂದು ಆಂಟಿ ಬೆನ್ನು ಸವರಿದರು. ಅವರ ಕೈ ಬೆಚ್ಚಗಿತ್ತು. ನಾನು ಅದನ್ನು ನಂಬಿದೆ. ಆಗ ನಂಬುವುದಕ್ಕೆ ಕಷ್ಟವೇನೂ ಇರಲಿಲ್ಲ. ಗಾಳಿಯೇ ತೆಳ್ಳಗಿದ್ದಾಗ ಯೋಚನೆಯೂ ತೆಳ್ಳಗಿರುತ್ತದೆ.

ಗರ್ಭಗುಡಿಯ ಒಳಗೆ ಮಬ್ಬು ಬೆಳಕು, ತುಪ್ಪದ ವಾಸನೆ, ಒದ್ದೆ ಉಣ್ಣೆಯ ವಾಸನೆ. ನಡುವೆ ಆ ಕಲ್ಲು, ಮೂರು ಮೂಲೆಯ ಒಂದು ಪುಟ್ಟ ಬೆಟ್ಟದ ಹಾಗೆ. ಹಣೆ ಮುಟ್ಟಿಸಿ ಎದ್ದೆ. ತಳ್ಳಿದರು, ಹೊರಗೆ ಬಂದೆ. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದು ಜಗತ್ತೆಲ್ಲ ಬೆಳ್ಳಗೆ ಉರಿಯುತ್ತಿತ್ತು. ಆ ಬಿಳಿಯ ನಟ್ಟನಡುವೆ ಕಲ್ಲು ನಿಂತಿತ್ತು.

ಕಣ್ಣು ಉಜ್ಜಿಕೊಂಡೆ, ಹೋಗಲಿಲ್ಲ. ಬೆಟ್ಟ ನೋಡಿದರೆ ಬೆಟ್ಟದ ಮೇಲೆ. ಆಕಾಶ ನೋಡಿದರೆ ಆಕಾಶದಲ್ಲಿ. ವಿಮಲಾ ಆಂಟಿಯ ಕಡೆ ತಿರುಗಿದೆ: ಅವರ ಸೆರಗಿತ್ತು, ಕಿವಿಯ ಓಲೆಯಿತ್ತು, ಮುಖವಿರಬೇಕಾದ ಜಾಗದಲ್ಲಿ ಕಲ್ಲು ಇತ್ತು.

"ಆಂಟೀ, ನನಗೆ ಎಲ್ಲಿ ನೋಡಿದ್ರೂ ಅದೇ ಕಾಣ್ತಿದೆ."

"ಏನು?"

"ಶಿವ. ಒಳಗಿದ್ದ ಹಾಗೇ."

ಆಂಟಿ ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು. ಜೊತೆಯಲ್ಲಿದ್ದ ಹೆಂಗಸೊಬ್ಬಳು ಕಾಲು ಮುಟ್ಟಲು ಬಗ್ಗಿದಳು. ಹೇಳಲು ಸಂಕೋಚ, ಆದರೂ ಹೇಳುತ್ತೇನೆ: ಆ ಒಂದು ಹಗಲು ನನಗೆ ಭಯವೇ ಆಗಲಿಲ್ಲ. ಅಷ್ಟು ಹತ್ತಿರ ಯಾರೂ ನನ್ನ ಬಳಿ ಬಂದಿರಲಿಲ್ಲ.

ಮಾರನೆಯ ದಿನ ಮಂಜು ಕವಿದು ಹೆಲಿಕಾಪ್ಟರ್ ಹಾರಲಿಲ್ಲ. ನಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ, ಡೋಲಿಯಲ್ಲಿ ಕೂರಿಸಿ ಇಳಿಸಿದರು. ನೇರ ನೋಡಿದ್ದೆಲ್ಲ ಕಲ್ಲಿನ ಹಿಂದೆ ಮರೆಯಾಗುತ್ತಿತ್ತು, ಬದಿಗಿದ್ದದ್ದು ಮಾತ್ರ ತಾನಾಗಿ ಕಣ್ಣಿಗೆ ಬಂದು ಬೀಳುತ್ತಿತ್ತು. ಹಾಗೆ ನಾನು ಆ ಹಾದಿಯನ್ನು ಅದರ ಅಂಚಿನಿಂದ ನೋಡಿದೆ. ಹೇಸರಗತ್ತೆಗಳ ಕಾಲಸಪ್ಪಳ, ಅವುಗಳ ಬಾಯಂಚಿನ ನೊರೆ. ಒಂದು ಕೆಳಗೆ ಕೂತಿತ್ತು. ಎಬ್ಬಿಸಲು ಎಳೆಯುತ್ತಿದ್ದರು, ಅದು ಏಳುತ್ತಿರಲಿಲ್ಲ. ಹಾದಿಯ ಮೇಲಿಂದ ಲದ್ದಿ ಕಲಸಿದ ಕಂದು ನೀರು ಹರಿದು, ಕೆಳಗೆ ಭೋರ್ಗರೆಯುವ ನದಿಯ ಕಡೆಗೆ ಇಳಿಯುತ್ತಿತ್ತು. ಖಾಲಿ ಬಾಟಲಿಗಳು ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟಿಕೊಂಡಿದ್ದವು. ಆಮೇಲೆ ಹೂವು ಬಂತು. ನೀಲಿ, ಗುಲಾಬಿ, ಹಳದಿ. ಹತ್ತಿರ ಬಂದಾಗ ಅದು ಮಳೆಗೆಂದು ಕೊಂಡು, ಮಳೆ ನಿಂತ ಮೇಲೆ ಬಿಸಾಡಿದ ತೆಳು ಪ್ಲಾಸ್ಟಿಕ್ ಕೋಟುಗಳು. ಪೊದೆ ಪೊದೆಗೂ ಸಿಕ್ಕಿಕೊಂಡು ಗಾಳಿಗೆ ಉಸಿರಾಡುತ್ತಿದ್ದವು.

ನನ್ನದೂ ಗುಲಾಬಿಯೇ. ಒಂದು ತಿರುವಿನಲ್ಲಿ ಜೋರು ಗಾಳಿಗೆ ಅದರ ಗುಂಡಿ ಕಿತ್ತು ಹೆಗಲಿನಿಂದ ಹಾರಿತು. ನಿಲ್ಲಿಸಿ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಡೋಲಿ ಮುಂದೆ ಹೋಗಿತ್ತು. ಕಣ್ಣಂಚಿನಲ್ಲಿ ಅದು ನಿಧಾನವಾಗಿ ಇಳಿದು, ಒಂದು ಪೊದೆಯ ಮೇಲೆ ಕೂತು, ಉಳಿದ ಹೂವುಗಳ ಜೊತೆ ಸೇರಿಕೊಂಡಿತು.

ಕೆಳಗಿನ ಊರಿನ ಕಣ್ಣಿನ ಡಾಕ್ಟರ್ ದೀಪ ಹಿಡಿದು ನೋಡಿ, "ಇದು ರಕ್ತ" ಎಂದರು. ಎತ್ತರ, ನೀರಿಲ್ಲದ ಮೈ, ಅಷ್ಟು ಬಲವಾದ ವಾಂತಿ. ಕಣ್ಣಿನೊಳಗಿನ ರಕ್ತನಾಳದ ಎಳೆಯೊಂದು ಬಿರಿದಿತ್ತು. ಅಷ್ಟೇ ಮಾತು. ಆಗ ಭಯ ಬಂತು, ತಡವಾಗಿ, ಆದರೆ ಗಂಟುಮೂಟೆ ಸಮೇತ.

ಮನೆಗೆ ಬಂದ ಮೇಲೆ ಮೈಸೂರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿದರು. ನಾನು ದಿಂಬುಗಳನ್ನು ಎತ್ತರಿಸಿಕೊಂಡು ಒರಗಿದ್ದೆ. ಸಪಾಟಾಗಿ ಮಲಗಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು.

"ಅಷ್ಟು ಜನದ ಮಧ್ಯೆ ನಿಂಗೊಬ್ಬಳಿಗೇ ದರ್ಶನ ಅಂತ ನಿನ್ನ ಜೊತೆಯೋರು ಊರೆಲ್ಲಾ ಹೇಳ್ಕೊಂಡು ತಿರುಗಿದ್ರಲ್ಲಮ್ಮಾ, ದೃಷ್ಟಿ ಆಗಿದೆ" ಎಂದರು ಅತ್ತೆ. "ಇರು, ಉಪ್ಪು ಮೆಣಸಿನಕಾಯಿ ತಂದಿದೀನಿ. ಇಲ್ಲಿಂದ್ಲೇ ದೃಷ್ಟಿ ತೆಗೀತೀನಿ. ಫೋನ್ ನೆಟ್ಟಗೆ ಹಿಡ್ಕೊಳೇ ಇಳಾ."

ಇಳಾ ಫೋನನ್ನು ಎದೆಗವಚಿಕೊಂಡುಬಿಟ್ಟಳು. "ನೋ ಅಜ್ಜಿ! ಪ್ಲೀಸ್! ದೃಷ್ಟಿ ತೆಗೀಬೇಡಿ! ಅಮ್ಮಂಗೆ ದೃಷ್ಟಿ ಬೇಕು!"

ಆಸ್ಪತ್ರೆಯಲ್ಲಿ ವಿಷನ್ ಎಂದದ್ದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಅವಳು ಹಿಂದಿನ ದಿನ ಕೇಳಿದ್ದಳು, ದೃಷ್ಟಿ ಎಂದು ಅವಳಪ್ಪ ಹೇಳಿಕೊಟ್ಟಿದ್ದರು. ಹೊಸದಾಗಿ ಕಲಿತ ಮಾತನ್ನು ಅವಳು ಅಷ್ಟು ಬೇಗ ಬಿಟ್ಟುಕೊಡಲು ತಯಾರಿರಲಿಲ್ಲ. ಅವಳ ಎದೆಯೊಳಗಿನಿಂದ ಅತ್ತೆಯ ಧ್ವನಿ, "ಏನಂತೆ ಅದಕ್ಕೆ? ಏನಂತೆ?" ಎಂದು ಕೇಳುತ್ತಿತ್ತು. ಪ್ರಕಾಶ್ ಗೋಡೆಗೊರಗಿ ನಗುತ್ತಿದ್ದರು, ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡರು. ಕಡೆಗೆ ಎರಡೂ ದೃಷ್ಟಿಯ ಅರ್ಥ ಬಿಡಿಸಿ ಹೇಳಿದ ಮೇಲೆ ಇಳಾ ಫೋನು ಹಿಡಿದಳು. ಆದರೂ ಒಂದು ಷರತ್ತು ಹಾಕಿದಳು: "ಬ್ಯಾಡ್ ದೃಷ್ಟಿ ಮಾತ್ರ ಅಜ್ಜಿ. ಗುಡ್ ಒನ್ ಅಲ್ಲೇ ಬಿಡಿ." ಅತ್ತೆ, "ಆಗ್ಲಿ ಕಣಮ್ಮ ತಾಯಿ" ಎಂದು ಒಪ್ಪಿಕೊಂಡು ಪರದೆಯ ಮುಂದೆ ಕೈ ಸುತ್ತಿಸಿದರು. ಮೈಸೂರಿನ ಒಲೆಯಲ್ಲಿ ಉಪ್ಪು ಚಟಪಟ ಎಂದದ್ದು ಮೇರಿಲ್ಯಾಂಡಿನಲ್ಲಿ ಕೇಳಿಸಿತು.

ಆಮೇಲೆ ಕಾಯುವುದು. ನಿಮ್ಮಲ್ಲಿ ಯಾರಾದರೂ ಹೀಗೆ ಕಾಯುತ್ತಿದ್ದರೆ, ಒಂದು ಮಾತು ಹೇಳಬಲ್ಲೆ. ಕಾಯುವುದರಲ್ಲೂ ಮನೆಗೆಲಸವಿದೆ. ನಾನು ಜೀರಿಗೆಯನ್ನೂ ಸೋಂಪನ್ನೂ ಮೂಗಿನಿಂದ ಬೇರೆ ಮಾಡಲು ಕಲಿತೆ. ಪ್ರಕಾಶ್ ಹುರುಳಿಕಾಯಿ ಹೆಚ್ಚಲು ಕಲಿತರು, ಒಂದೊಂದು ತುಂಡೂ ಬೆರಳುದ್ದ. ಕಾರು ಓಡಿಸುವಂತಿರಲಿಲ್ಲ, ಆದ್ದರಿಂದ ಬೇಸಿಗೆಯೆಲ್ಲ ಹತ್ತಿರದ ಕೆರೆಯ ಹಾದಿಯಲ್ಲಿ ನಡೆದೆ. ಬಾತುಗಳನ್ನು ನೇರ ನೋಡಿದರೆ ಇರುತ್ತಿರಲಿಲ್ಲ, ಪಕ್ಕದ ಜೊಂಡನ್ನು ನೋಡಿದರೆ ಈಜಿಕೊಂಡು ಬರುತ್ತಿದ್ದವು. ಕಲ್ಲು ದಿನದಿನಕ್ಕೆ ಬಣ್ಣ ಬಿಡುತ್ತಿತ್ತು. ಮೊದಲು ಕಾಡಿಗೆ, ಆಮೇಲೆ ಗಟ್ಟಿ ಡಿಕಾಕ್ಷನ್. ಕರಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೇಡಿಕೊಳ್ಳುವಾಗ ಕಣ್ಣು ಮುಚ್ಚಿದರೆ ಅದರದೇ ನೆರಳು ಎದುರಿಗೆ ಬರುತ್ತಿತ್ತು. ಹೋಗು ಎಂದು ಯಾರಿಗೆ ಹೇಳುತ್ತಿದ್ದೇನೆ ಎಂದು ನಾಲಿಗೆ ತಡವರಿಸುತ್ತಿತ್ತು.

ಕಣ್ಣಿನ ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಹನಿ ಹಾಕಿಸಿಕೊಂಡವರೆಲ್ಲ ಕೂತಿದ್ದೆವು. ಪಾಪೆ ಹಿಗ್ಗಿದ ಮೇಲೆ ದೀಪಗಳಿಗೆಲ್ಲ ಪ್ರಭಾವಳಿ ಬರುತ್ತದೆ. ಎದುರಿನ ಮುದುಕರ ಬಿಳಿ ಕೂದಲು, ಗೋಡೆಯ ಗಡಿಯಾರ, ನೀರಿನ ಕ್ಯಾನು, ಎಲ್ಲವೂ ದೇವರ ಕೋಣೆಯಲ್ಲಿ ಇಟ್ಟಂತೆ ಹೊಳೆಯುತ್ತಿದ್ದವು. ಯಾರೂ ಓದುವಂತಿಲ್ಲ, ಫೋನು ನೋಡುವಂತಿಲ್ಲ. ಹಾಗಾಗಿ ಜನ ಮಾತಾಡುತ್ತಾರೆ. ಆ ಮುದುಕರು ಬಾಲ್ಟಿಮೋರಿನ ಕಡೆಯವರಂತೆ. ನಿಮಗೆ ಏನಾಯಿತು ಎಂದು ಕೇಳಿದರು. ಬೆಟ್ಟ ಹತ್ತಿದೆ ಎಂದೆ. ಅವರು ತಲೆದೂಗಿ, "ನಾನು ಸುಮ್ಮನೆ ಮನೆಯಲ್ಲಿ ಕೂತಿದ್ದೆ, ನನಗೂ ಆಯಿತು" ಎಂದರು. ಇಬ್ಬರೂ ನಕ್ಕೆವು. ಪ್ರಕಾಶ್ ನನ್ನ ಕೈ ಹಿಡಿದುಕೊಂಡಿದ್ದರು.

ಒಳಗೆ ಯಂತ್ರಕ್ಕೆ ಗಲ್ಲ ಒರಗಿಸಿದೆ. "ಹಸಿರು ಪ್ಲಸ್ ಗುರುತು ನೋಡಿ" ಎಂದಳು ಫೋಟೋ ತೆಗೆಯುವ ಹುಡುಗಿ. ಹೋದ ಸಲಗಳಲ್ಲೆಲ್ಲ, "ಎಲ್ಲಿದೆ?" ಎಂದು ನಾನು ಕೇಳಬೇಕಾಗಿತ್ತು. ಈ ಸಲ ತಿಳಿ ಚಹಾದ ತಳದಲ್ಲಿ ಸಕ್ಕರೆಯ ಹರಳಿನಂತೆ ಅದು ನಡುಗಿತು. ಹಸಿರು. ರೆಪ್ಪೆ ಅಲುಗಿಸದೆ ಅದನ್ನೇ ನೋಡಿದೆ. "ಕಣ್ಣು ಮಿಟುಕಿಸಬಹುದು, ತೊಂದರೆಯಿಲ್ಲ" ಎಂದಳು ಅವಳು. ಮಿಟುಕಿಸಿದರೆ ಹೋಗಿಬಿಡುತ್ತದೇನೋ ಎಂದು ಮಿಟುಕಿಸಲಿಲ್ಲ.

ಡಾಕ್ಟರ್ ಎತ್ತರದ ಹೆಂಗಸು, ಮೆತ್ತಗೆ ಮಾತಾಡುವವರು. ಚಿತ್ರವನ್ನು ಬಹಳ ಹೊತ್ತು ನೋಡಿದರು. ಕುರ್ಚಿ ನನ್ನ ಕಡೆ ತಿರುಗಿಸಿದರು. "ಆಪರೇಷನ್ ಬೇಡ" ಎಂದರು. ರಕ್ತ ಹೆಚ್ಚುಕಡಿಮೆ ಕರಗಿದೆ, ನಡುವಿನಲ್ಲಿ ಒಂದು ತೆಳು ಮಬ್ಬು ಉಳಿಯಬಹುದು, ಅಭ್ಯಾಸವಾಗುತ್ತದೆ, ಹಗಲು ಹೊತ್ತು ಹತ್ತಿರಕ್ಕೆ ಕಾರು ಓಡಿಸಬಹುದು. ಪ್ರಕಾಶ್ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು, ಒರೆಸುತ್ತಲೇ ಇದ್ದರು.

"ಅದು ಎಲ್ಲಿಗೆ ಹೋಯಿತು?" ಎಂದು ನಾನು ಕೇಳಿದೆ. ದಡ್ಡ ಪ್ರಶ್ನೆ ಎಂದು ಬಾಯಿಂದ ಹೊರಟ ಮೇಲೆ ಅನಿಸಿತು.

ಡಾಕ್ಟರ್ ನಗಲಿಲ್ಲ. "ನಿಮ್ಮದೇ ರಕ್ತವಲ್ಲವೇ? ನಿಮ್ಮ ಮೈ ಅದನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ತೆಗೆದುಕೊಂಡಿತು."

ಮಧ್ಯಾಹ್ನ ವಿಮಲಾ ಆಂಟಿ ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಬಂದರು. ಬೇಸಿಗೆಯೆಲ್ಲ ಅವರು ಬರುತ್ತಲೇ ಇದ್ದರು; ಪ್ರತಿ ಸಲವೂ, "ಇದು ಕಾಯಿಲೆ ಅಲ್ಲ ಕಣೇ, ಪುಣ್ಯ" ಎಂದು ಹೇಳಿಯೇ ಹೋಗುತ್ತಿದ್ದರು. ಅದು ಶಿವನಲ್ಲದಿದ್ದರೆ ಮತ್ತೇನು ಎಂಬ ಪ್ರಶ್ನೆ ನನಗಿಂತ ಅವರಿಗೆ ಭಾರವಾಗಿತ್ತು ಎಂದು ನನಗೆ ನಿಧಾನವಾಗಿ ತಿಳಿದಿತ್ತು.

"ಕರಗಿದೆಯಂತೆ ಆಂಟಿ. ಆಪರೇಷನ್ ಇಲ್ಲ."

"ಅಬ್ಬಾ!" ಎಂದು ಸೋಫಾದಲ್ಲಿ ಕುಸಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಸಣ್ಣ ಧ್ವನಿಯಲ್ಲಿ, "ಹಾಗಾದ್ರೆ... ಹೋಗ್ಬಿಟ್ನಾ?" ಎಂದರು.

ನಾನು ಅವರ ಮುಖ ನೋಡಿದೆ. ಹಣೆಯ ಕುಂಕುಮ ಸ್ವಲ್ಪ ಓರೆಯಾಗಿತ್ತು. ಮೂಗಿನ ಪಕ್ಕದಲ್ಲಿ ನನಗೆ ಮರೆತೇ ಹೋಗಿದ್ದ ಒಂದು ಮಚ್ಚೆ. ಅವರಿಗೆ ವಯಸ್ಸಾಗಿತ್ತು, ಆ ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚೇ.

"ನಿಮ್ಮ ಮುಖ ಕಾಣ್ತಿದೆ ಆಂಟಿ" ಎಂದೆ.

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಡಬ್ಬಿಯ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. "ಮುಂದಿನ ವರ್ಷ ಇನ್ನೊಂದು ಗುಂಪು ಕೇಳ್ತಿದಾರೆ. ಆ ಡರ್ಹಮ್ ಊರಿನ ಕನ್ನಡದೋರು. ಏನ್ ಹೇಳ್ಲಿ?"

"ಹೋಗ್ಲಿ ಆಂಟಿ. ಹಾರ್ಕೊಂಡು ಬೇಡ, ಅಲ್ಲಲ್ಲಿ ಉಳ್ಕೊಂಡು ನಿಧಾನಕ್ಕೆ ಹೋಗ್ಲಿ. ಸೋಮವಾರ ಆದ್ರೂ ನೀರು ಕುಡೀಲಿ, ಮಾತ್ರೆ ನುಂಗ್ಲಿ."

"ಶಿವ ಏನೂ ಅಂದ್ಕೊಳಲ್ಲ ಅಂತೀಯಾ?"

"ತಲೆ ಮೇಲೆ ಗಂಗೇನ ಇಟ್ಕೊಂಡೋನು, ನೀರು ಕುಡಿದ್ರೆ ಏನಂದ್ಕೊತಾನೆ?"

ಆಂಟಿಗೆ ನಗು ಬಂತು. "ಸರಿ, ಎಲ್ಲರಿಗೂ ನೀರಿನ ಬಾಟ್ಲಿ ಕೊಡಿಸ್ತೀನಿ."

"ಸ್ಟೀಲಿಂದು. ಬಿಸಾಕೋಕೆ ಮನಸ್ಸು ಬರಬಾರದು, ಅಂಥದ್ದು. ಮಳೆ ಕೋಟೂ ಅಷ್ಟೇ, ಇಲ್ಲಿಂದ್ಲೇ ಗಟ್ಟಿ ಬಟ್ಟೇದು ತಗೊಂಡ್ಹೋಗ್ಲಿ."

"ಅಷ್ಟೊಂದು ಲಗೇಜ್ ಆಗಲ್ವೇನೇ?" ಎಂದು ಗೊಣಗಿಕೊಂಡೇ ಆಂಟಿ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನ ಕೆನ್ನೆ ಸವರಿದರು. ಆ ಸಲ ಪುಣ್ಯದ ಮಾತು ಬರಲಿಲ್ಲ.

ಸಂಜೆ ಕಸದ ಡಬ್ಬಿ ಹೊರಗಿಡಲು ನಾನೇ ಹೋದೆ. ಬೀದಿಯ ತುಂಬ ಕೆಂಪೆಲೆ. ಒಂದೊಂದು ಎಲೆಗೂ ಅಂಚು ಬಂದಿತ್ತು, ಹಲ್ಲು ಹಲ್ಲಾದ ಅಂಚು. ನಡುವೆ ಮಾತ್ರ ಉಸಿರು ತಾಗಿದ ಕನ್ನಡಿಯಷ್ಟು ಮಬ್ಬು. ಪಕ್ಕದ ಮನೆಯ ಗಿರಿಜಾ ತನ್ನ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದಳು. ಧಾರವಾಡದವಳು, ಬೇಸಿಗೆಯಲ್ಲಿ ಬಾಡಿಗೆಗೆ ಬಂದವಳು. ಬೇಲಿಯ ಬಳಿ ಆಗೀಗ ಎರಡು ಮಾತಾಡಿದ್ದೆವು, ನನ್ನ ಕಣ್ಣಿನ ಸಂಗತಿಯನ್ನು ಅವಳಿಗೆ ಹೇಳಿರಲಿಲ್ಲ. ಅವಳ ಮೂಗಿನಲ್ಲಿ ಪುಟ್ಟದೊಂದು ನತ್ತಿದೆ ಎಂದು ನನಗೆ ಗೊತ್ತಾದದ್ದು ಅಂದೇ.

"ನತ್ತು ಚೆನ್ನಾಗಿದೆ ಗಿರಿಜಾ" ಎಂದೆ.

ಅವಳು ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಮತ್ತೆ ಗುಡಿಸುತ್ತ ಅಂದಳು:

"ಏನ್ರೀ ಅಕ್ಕಾರ, ಇವತ್ತ ನನ್ನ ಮಾರಿ ನೋಡಿ ಮಾತಾಡಾಕತ್ತೀರಿ! ಇಷ್ಟ ದಿನಾ ನನ್ನ ಹೆಗಲ ಬಾಜೂಕ ಯಾರೋ ನಿಂತಾರೇನೋ ಅನ್ನೂಹಂಗ ನೋಡ್ತಿದ್ರಿ. ನಾನೂ ಒಂದೆರಡ ಸಲ ಹೊಳ್ಳಿ ನೋಡೇನ್ರಿ."